ಕಟ್ಟಿಹಾಕಿದ ಕಾರಿನಲ್ಲಿ ಕಾರವಾರಕ್ಕೆ

ನಮ್ಮ ಮಾಮನಷ್ಟು ವೇಗವಾಗಿ ಕಾರು ಓಡಿಸುವ ಮನುಷ್ಯ ಅಂಕೋಲಾ ತಾಲೂಕಿನಲ್ಲಿ ಇನ್ನೊಬ್ಬನಿಲ್ಲ. ಸೋದರಮಾವನ ಮೇಲಿನ ಪ್ರೀತಿಯಿಂದ ಹೆಚ್ಚಿಗೆ ಹೇಳುತ್ತಿದ್ದೇನೆ ಅನ್ನಿಸಿದರೆ ಒಂದು ಸಲ ಹಟ್ಟಿಕೇರಿಗೆ ಬನ್ನಿ. ಹೆದ್ದಾರಿಯಿಂದ ಇಳಿದು ತೆಂಗಿನ ಮರಗಳ ನಡುವಿನ ಮಣ್ಣುರಸ್ತೆ ಹಿಡಿದರೆ ಸಾಕು, ಮುಂದಿನ ದಾರಿಯನ್ನು ಸದ್ದೇ ತೋರಿಸುತ್ತದೆ. ಅಲ್ಲಿ ಅರವತ್ತು ದಾಟಿದ ನನ್ನ ಮಾಮ, ಅಂದರೆ ಅಮ್ಮನ ತಮ್ಮ, ಬನಿಯನ್ನು ಲುಂಗಿ ಉಟ್ಟು ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿ ಕುಳಿತು ಗಂಟೆಗೆ ನೂರಾ ಅರವತ್ತು ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುತ್ತಾನೆ. ಹೋಗುತ್ತಿರುತ್ತಾನೆ ಅಂದೆನಲ್ಲ, ಆ ಒಂದು ಮಾತನ್ನು ಮಾತ್ರ ಸ್ವಲ್ಪ ತಿದ್ದಬೇಕು. ಕಾರು ಇದ್ದಲ್ಲಿಂದ ಒಂದು ಗೇಣೂ ಮುಂದೆ ಹೋಗಿರುವುದಿಲ್ಲ!

ಇದೇ ಮನುಷ್ಯ ಇದೇ ಕಾರನ್ನು ಹೆದ್ದಾರಿಗೆ ಇಳಿಸಿದನೆನ್ನಿ, ಮುಳ್ಳು ನಲವತ್ತು ಮುಟ್ಟಿದ್ದೇ ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಹುಲ್ಲು ಹೇರಿಕೊಂಡ ಟ್ರ್ಯಾಕ್ಟರು ಹಾರ್ನು ಹೊಡೆದು ಮುಂದೆ ಸಾಗುತ್ತದೆ. ಶಾಲೆ ಬಿಟ್ಟ ಮಕ್ಕಳು ಸೈಕಲ್ಲಿನಲ್ಲಿ ದಾಟಿಹೋಗಿ, ಹಿಂದೆ ತಿರುಗಿ ಟಾಟಾ ಮಾಡುತ್ತಾರೆ. ಒಮ್ಮೆ ಬೇಲೇಕೇರಿ ಕಡೆಯಿಂದ ಮೀನಿನ ಬುಟ್ಟಿ ಹೊತ್ತು ನಡೆಯುತ್ತಿದ್ದ ಹೆಂಗಸನ್ನು ಕಂಡು ಮಾಮ ಕಾರು ನಿಲ್ಲಿಸಿ, "ಬಾರೇ, ಅಂಕೋಲೆಗೆ ಬಿಡ್ತೆ" ಎಂದನಂತೆ. ಅವಳು ಕಾರನ್ನೊಮ್ಮೆ, ಮಾಮನನ್ನೊಮ್ಮೆ ನೋಡಿ, "ಬೇಡ ಮಾರಾಯ್ರೇ, ನೀವು ಮುಟ್ಟೂದ್ರೊಳಗೆ ನನ್ನ ಬಂಗಡೆ ಹಾಳಾಗ್ತದೆ" ಎಂದು ನಡೆದೇ ಹೋದಳಂತೆ!

ಸಾಲದ್ದಕ್ಕೆ ಪಕ್ಕದ ಸೀಟಿನಲ್ಲಿ ಯಾವಾಗಲೂ ಒಂದು ಹಿತ್ತಾಳೆ ತಂಬಿಗೆ. ಅದರ ತುಂಬ ನೀರು. ಅಂಕೋಲೆಗೆ ಹೋಗಿ ಬಂದ ಮೇಲೆ ಮಾಮ ಮೊದಲು ಮಾಡುವ ಕೆಲಸ ಆ ತಂಬಿಗೆಯೊಳಗೆ ಬಗ್ಗಿ ನೋಡುವುದು, ಆಮೇಲೆ ಸೀಟನ್ನು ಕೈಯಿಂದ ಸವರಿ ಎಷ್ಟು ಒದ್ದೆಯಾಗಿದೆ ಎಂದು ಪರೀಕ್ಷಿಸುವುದು. ಯಾಕೆ ಎಂದು ಕೇಳಿದರೆ, "ಸುಮ್ನೆ" ಎನ್ನುತ್ತಿದ್ದ. ಸುಮ್ಮನೆ ಯಾರಾದರೂ ಕಾರಿನ ಸೀಟಿಗೆ ನೀರು ಚೆಲ್ಲಿಕೊಳ್ಳುತ್ತಾರೆಯೇ?

ವೇಗ ಬೇಡದವನಿಗೆ ಸ್ಪೋರ್ಟ್ಸ್ ಕಾರು ಏಕೆ ಬೇಕಿತ್ತು? ಹಟ್ಟಿಕೇರಿಯಿಂದ ಮಂಜಗುಣಿಯವರೆಗೆ ಹರಡಿಕೊಂಡಿರುವ ನಮ್ಮ ನೆಂಟರೆಲ್ಲ ಕೇಳಿದ ಪ್ರಶ್ನೆ ಇದು. ಉತ್ತರ ಹೇಳುವ ಮೊದಲು ನಾನು ಮಾಮಿಯ ಹೊಟ್ಟೆಯ ವಿಷಯಕ್ಕೆ ಬರಬೇಕು.

ಮಾಮನ ಹೆಂಡತಿಗೆ, ಅಂದರೆ ನನ್ನ ಮಾಮಿಗೆ, ಗಾಡಿ ಆಗುವುದಿಲ್ಲ. ಗಾಡಿ ಆಗದವರು ಎಲ್ಲರ ಮನೆಯಲ್ಲೂ ಒಬ್ಬಿಬ್ಬರು ಇರುತ್ತಾರೆ, ಕಿಟಕಿಯ ಪಕ್ಕ ಕೂರಿಸಿ ಮೂಸಲು ಒಂದು ಲಿಂಬೆಹಣ್ಣು ಕೊಟ್ಟರೆ ಸುಧಾರಿಸಿಕೊಳ್ಳುತ್ತಾರೆ. ಮಾಮಿಯದು ಆ ದರ್ಜೆಯದಲ್ಲ. ಅವಳ ತವರು ಕಾರವಾರದ ಕೋಡಿಬಾಗ. ಮದುವೆಯಾಗಿ ಇಲ್ಲಿಗೆ ಬರುವಾಗ ದಿಬ್ಬಣದ ಬಸ್ಸು ಬಿಣಗಾ ಘಟ್ಟದ ತಿರುವಿನಲ್ಲಿ, ಅಮದಳ್ಳಿಯಲ್ಲಿ, ಮತ್ತೆ ಅವರ್ಸಾದಲ್ಲಿ ನಿಂತು, ಮದುಮಗಳನ್ನು ಇಳಿಸಿ, ಬೆನ್ನು ನೀವಿ, ಹತ್ತಿಸಿಕೊಂಡು ಬಂದಿತ್ತಂತೆ. ಹೊಸ್ತಿಲಿಗೆ ಮುಟ್ಟುವಾಗ ಸೇರಿನ ಅಕ್ಕಿ ಚೆಲ್ಲುವಷ್ಟೂ ತ್ರಾಣ ಅವಳಲ್ಲಿ ಉಳಿದಿರಲಿಲ್ಲ, ಮಾಮನೇ ಯಾರಿಗೂ ಕಾಣದಂತೆ ಕಾಲಿನಿಂದ ದೂಡಿದ ಎಂದು ನನ್ನ ಅಮ್ಮ ಈಗಲೂ ನಗುತ್ತಾಳೆ. ವಾಂತಿಯ ಗುಳಿಗೆ ಕೊಟ್ಟರೆ ಮೊದಲು ಹೊರಬರುವುದು ಆ ಗುಳಿಗೆಯೇ. ರಿಕ್ಷಾ ಹತ್ತಿಸಿದರೆ ಅವರ್ಸಾದಿಂದ ವಾಪಸ್ಸು. ರೈಲಿನಲ್ಲಿ ವಾಸನೆಯೂ ಇಲ್ಲ ತಿರುವೂ ಇಲ್ಲ ಎಂದು ಯಾರೋ ಹೇಳಿದ್ದಕ್ಕೆ ಹೇಗೋ ಸ್ಟೇಷನ್ನಿನವರೆಗೆ ಮುಟ್ಟಿಸಿದೆವು. ದೂರದಲ್ಲಿ ರೈಲು ಬರುವುದನ್ನು ನೋಡಿದ್ದೇ ಮಾಮಿ ಪ್ಲಾಟ್‌ಫಾರ್ಮಿನ ಕಂಬ ಹಿಡಿದುಕೊಂಡು ಬಗ್ಗಿದಳು!

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಕೋಡಿಬಾಗದಲ್ಲಿ ಅವಳ ಅಕ್ಕ ಇದ್ದಾಳೆ. ತವರು ಎಂದು ಮಾಮಿಗೆ ಈಗ ಉಳಿದಿರುವುದು ಆ ಅಕ್ಕ ಒಬ್ಬಳೇ. ಇಷ್ಟು ವರ್ಷ ಅಕ್ಕನೇ ಬಸ್ಸು ಹತ್ತಿ ಬರುತ್ತಿದ್ದಳು, ಚೌತಿಗೆ, ತುಳಸಿಮದುವೆಗೆ, ಏನೂ ಇಲ್ಲದಿದ್ದರೆ ಸುಮ್ಮನೆ ಜಗಳವಾಡಲಿಕ್ಕೆ. ಮಾಮ ಕಾರವಾರದ ಬಂದರಿನ ಹತ್ತಿರ ಒಂದು ವರ್ಕ್‌ಶಾಪಿನಲ್ಲಿ ದೋಣಿಗಳ ಇಂಜಿನ್ ರಿಪೇರಿ ಮಾಡುತ್ತಿದ್ದ ಕಾಲದಲ್ಲಿ ದಿನವೂ ಎರಡು ಮನೆಗಳ ನಡುವೆ ಡಬ್ಬಿ ಸಾಗಿಸುತ್ತಿದ್ದ. ಇಲ್ಲಿಂದ ಇಶಾಡ ಮಾವಿನಹಣ್ಣು ಹೋದರೆ ಅಲ್ಲಿಂದ ತಿಸ್ರೆ ಚಿಪ್ಪಿನ ಸುಕ್ಕ ಬರುತ್ತಿತ್ತು. ಮಾಮ ನಿವೃತ್ತನಾದ. ಅಕ್ಕ ಅಂಗಳದಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಳು. ಈಗ ವಾಕರ್ ಹಿಡಿದು ಮನೆಯೊಳಗೆ ಓಡಾಡುತ್ತಾಳೆ, ಬಸ್ಸಿನ ಮೆಟ್ಟಿಲು ಇನ್ನು ಆಗದ ಮಾತು. ಅಲ್ಲಿಗೆ ಅಕ್ಕತಂಗಿಯರ ಭೇಟಿಯೇ ನಿಂತುಹೋಯಿತು.

ವಿಡಿಯೋ ಕಾಲ್ ಇದೆಯಲ್ಲ ಎನ್ನುತ್ತೀರಾ? ಇದೆ. ಆದರೆ ಇಬ್ಬರೂ ಫೋನನ್ನು ಕಿವಿಗೆ ಒತ್ತಿಕೊಂಡೇ ಮಾತಾಡುವವರು. ತೆರೆಯ ಮೇಲೆ ಕಾಣುವುದು ಒಂದು ಕಿವಿ, ಒಂದು ಬೆಂಡೋಲೆ. ಅದನ್ನೂ ನೋಡುವವರಿಲ್ಲ! ಕೊನೆಗೆ ಪ್ರತಿಸಲವೂ ಅಕ್ಕ, "ಒಂದ್ಸಲ ಬಾರೇ" ಎನ್ನುತ್ತಿದ್ದಳು. ಮಾಮಿ, "ಬತ್ತೆ" ಎನ್ನುತ್ತಿದ್ದಳು. ಆಮೇಲೆ ಫೋನನ್ನು ಸೆರಗಿನಿಂದ ಒರೆಸಿಟ್ಟು ಒಳಗೆ ಹೋಗುತ್ತಿದ್ದಳು. ಮಾಮಿ ಅಳುವ ಪೈಕಿಯವಳಲ್ಲ. ಆದರೆ ಆ ದಿನ ಸಾರಿಗೆ ಉಪ್ಪು ಬಿದ್ದಿರುತ್ತಿರಲಿಲ್ಲ.

ಇಂಥ ಹೆಂಡತಿ ಇರುವ ಗಂಡಸು ಏನು ಮಾಡಬೇಕು? ಮೆತ್ತನೆ ಸೀಟಿನ, ಸದ್ದು ಕೇಳಿಸದ, ದೊಡ್ಡ ಕಾರು ತರಬೇಕು ತಾನೆ? ಮಾಮ ಗೋವಾಕ್ಕೆ ಹೋಗಿ, ಯಾರದೋ ಗೋಡೌನಿನಲ್ಲಿ ಧೂಳು ತಿನ್ನುತ್ತ ಬಿದ್ದಿದ್ದ ಹಳೆಯ ಸ್ಪೋರ್ಟ್ಸ್ ಕಾರು ತಂದ. ಎರಡೇ ಸೀಟು. ತಲೆಯ ಮೇಲೆ ಮಾಡು ಇಲ್ಲ, ಚಾವಣಿಯೆಂದರೆ ಹಿಂದಕ್ಕೆ ಮಡಚಿಡುವ ಒಂದು ಬಟ್ಟೆ. ಇಂಜಿನ್ನಿಗೆ ಸೂಪರ್‌ಚಾರ್ಜರ್ ಎಂಬ ಅಲಂಕಾರ ಬೇರೆ. ಅಂಗಳದಲ್ಲಿ ಅದನ್ನು ಚಾಲೂ ಮಾಡಿದಾಗ ಕೊಟ್ಟಿಗೆಯ ಎಮ್ಮೆ ಹಗ್ಗ ಕಿತ್ತುಕೊಂಡು ಗದ್ದೆಗೆ ಹಾರಿತು.

"ಅದೆಂತದು ಸಿಳ್ಳೆ ಹೊಡಿಯೂದು?" ಎಂದು ಮಾಮಿ ಬಾಗಿಲಿನಿಂದಲೇ ಕೇಳಿದಳು.

"ಸೂಪರ್‌ಚಾರ್ಜರ್. ಬೇರೆ ಇಂಜಿನ್ನು ತನಗೆ ಬೇಕಾದಷ್ಟೇ ಗಾಳಿ ಎಳ್ಕಂತದೆ. ಇದು ಬೆಲ್ಟಿನ ಮೇಲೆ ತಿರುಗಿ ಮತ್ತೂ ಗಾಳಿ ಒಳಗೆ ದೂಡ್ತದೆ. ಗಾಳಿ ಹೆಚ್ಚಾದ್ರೆ ಪೆಟ್ರೋಲು ಹೆಚ್ಚು ಉರಿತದೆ, ಶಕ್ತಿ ಬತ್ತದೆ."

"ಅಂದ್ರೆ ಊದುಗೊಳವೆ."

ಮಾಮನಿಗೆ ಸ್ವಲ್ಪ ಅವಮಾನವಾಯಿತು, ಆದರೆ ಅಲ್ಲ ಎನ್ನುವಂತೆಯೂ ಇರಲಿಲ್ಲ. ಅಂದಿನಿಂದ ಆ ಕಾರಿಗೆ ನಮ್ಮ ಮನೆಗಳಲ್ಲೆಲ್ಲ ಊದುಗೊಳವೆ ಎಂದೇ ಹೆಸರು. "ನಾ ಮಾತ್ರ ಅದನ್ನ ಹತ್ತೂದಿಲ್ಲ, ಈಗ್ಲೇ ಹೇಳ್ತೆ" ಎಂದು ಮಾಮಿ ಆವತ್ತೇ ಘೋಷಿಸಿಬಿಟ್ಟಳು. ಅಕ್ಕನ ಮನೆಗೆ ಹೋಗಲು ಇದ್ದ ಒಂದು ದಾರಿಯನ್ನೂ ಮಾಮ ತನ್ನ ಹುಚ್ಚಿನಿಂದ ಮುಚ್ಚಿದ ಎಂದು ನಾವೆಲ್ಲ ಅವನನ್ನು ಬೈದೆವು. ಅವನು ಬಾಯಿ ತೆರೆಯಲಿಲ್ಲ. ಬಾನೆಟ್ಟು ಮಾತ್ರ ತೆರೆದ.

ಅಲ್ಲಿಂದ ಡೈನೋ ಪುರಾಣ ಶುರು. ಕಾರಿನ ಚಕ್ರಗಳನ್ನು ಒಂದು ಭಾರದ ಉರುಳೆಯ ಮೇಲೆ ನಿಲ್ಲಿಸಿ ಓಡಿಸಿದರೆ, ಉರುಳೆ ಎಷ್ಟು ಬೇಗ ವೇಗ ಹಿಡಿಯುತ್ತದೆ ಎಂಬುದರ ಮೇಲೆ ಇಂಜಿನ್ನಿನ ಶಕ್ತಿ ಎಷ್ಟು ಎಂದು ಲೆಕ್ಕ ಸಿಗುತ್ತದಂತೆ. ಆ ಏರ್ಪಾಡಿಗೆ ಡೈನೋ ಎನ್ನುತ್ತಾರೆ. ದೊಡ್ಡ ಊರುಗಳಲ್ಲಿ ಅದಕ್ಕೆಂದೇ ಅಂಗಡಿಗಳಿವೆ. ಮಾಮ ತನ್ನ ನಲವತ್ತರ ವೇಗದಲ್ಲಿ ಅಲ್ಲಿಗೆ ಹೊರಟರೆ ತಿರುಗಿ ಬರುವಾಗ ಕಾರು ಇನ್ನಷ್ಟು ಹಳೆಯದಾಗಿರುತ್ತಿತ್ತು. ಹಾಗಾಗಿ ಮನೆಯಲ್ಲೇ ಮಾಡಿಕೊಳ್ಳುತ್ತೇನೆ ಎಂದ. ಕಾರವಾರದ ಗುಜರಿಯಿಂದ ಒಂದು ಹಳೆಯ ರೋಡ್ ರೋಲರಿನ ಮುಂದಿನ ಗುಂಡನ್ನು ಟ್ರ್ಯಾಕ್ಟರಿನಲ್ಲಿ ಹೇರಿಸಿಕೊಂಡು ಬಂದ. ಜಗತ್ತಿನಲ್ಲೇ ಅತ್ಯಂತ ನಿಧಾನವಾಗಿ ಹೋಗುವ ವಾಹನದ ಕಾಲು ಮುರಿದು ತಂದು ಸ್ಪೋರ್ಟ್ಸ್ ಕಾರಿನ ವೇಗ ಅಳೆಯುವ ಐಡಿಯಾ ಮಾಮನಲ್ಲದೆ ಇನ್ಯಾರಿಗೆ ಹೊಳೆದೀತು?

"ನಾ ಒಂದು ಅರೆಯೂ ಕಲ್ಲು ತರಿ ಅಂದ್ರೆ ತರೂಕಾಗ್ಲಿಲ್ಲ, ಈ ಗುಂಡು ತಂದ್ರಿ!" ಎಂದಳು ಮಾಮಿ.

ತೋಟದಲ್ಲಿ ಗೋಡೆಯಿಲ್ಲದ, ತೆಂಗಿನ ಗರಿಯ ಮಡಲು ಹೊದಿಸಿದ ಚಪ್ಪರದ ಕೆಳಗೆ ಗುಂಡಿ ತೋಡಿ, ಗುಂಡನ್ನು ಬೇರಿಂಗಿನ ಮೇಲೆ ಕೂರಿಸಿ, ಮೇಲಿನ ಬೆನ್ನು ಮಾತ್ರ ಕಾಣುವಂತೆ ಸಿಮೆಂಟು ಹಾಕಿಸಿದ. ಹೊಗೆ ಹೊರಗೆ ಹೋಗಲು ಉದ್ದನೆಯ ಕೊಳವೆ. ಕಾರಿನ ಹಿಂದಿನ ಚಕ್ರಗಳು ಗುಂಡಿನ ಮೇಲೆ. ಮೊದಲನೆಯ ಓಟಕ್ಕೆ ಇಡೀ ಹಟ್ಟಿಕೇರಿ ಸೇರಿತ್ತು. ಗುಂಡು ಒಂದು ಬದಿಗೆ ತುಸು ಭಾರವಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ವೇಗ ಏರುತ್ತಿದ್ದಂತೆ ನೆಲ ಗಡಗಡ ನಡುಗಿ ಸುತ್ತಲಿನ ಮರಗಳಿಂದ ತೆಂಗಿನಕಾಯಿ ದಬದಬ ಬೀಳತೊಡಗಿದವು. ನೋಡಲು ಬಂದವರು ತಲೆಯ ಮೇಲೆ ಕೈಯಿಟ್ಟುಕೊಂಡು ಓಡಿದರು. ಕಾಯಿ ಕೊಯ್ಯುವವನು ಮರುದಿನ ಬಂದು, "ಹಿಂಗೆ ಮಾಡಿದ್ರೆ ನಮ್ಮ ಹೊಟ್ಟೆಪಾಡು ಹೆಂಗೆ?" ಎಂದು ಮಾಮನ ಮೇಲೆ ಮುನಿಸಿಕೊಂಡ.

ಗುಂಡನ್ನು ಸರಿದೂಗಿಸಿದ ಮೇಲೆ ಇನ್ನೊಂದು ತೊಂದರೆ ಎದುರಾಯಿತು. ಓಡದೆ ನಿಂತ ಕಾರಿಗೆ ಗಾಳಿ ತಾಗದೆ ಇಂಜಿನ್ ಕಾಯುತ್ತದೆ, ಎದುರಿಗೆ ದೊಡ್ಡ ಫ್ಯಾನು ಬೇಕು. ಅವರ್ಸಾದ ಶಾಮಿಯಾನಾದವರಲ್ಲಿ ಆಳೆತ್ತರದ ಫ್ಯಾನು ಬಾಡಿಗೆಗೆ ಸಿಗುತ್ತಿತ್ತು. ಆದರೆ ಮದುವೆ ಮುಹೂರ್ತ ಇದ್ದ ದಿನ ಫ್ಯಾನು ಮದುವೆಮನೆಗೆ ಹೋಗಲೇಬೇಕು. ಹೀಗಾಗಿ ನಮ್ಮ ಮಾಮ ಪಂಚಾಂಗ ನೋಡಿ ಡೈನೋ ಟೆಸ್ಟು ಇಟ್ಟುಕೊಳ್ಳುತ್ತಿದ್ದ. ಊರವರೆಲ್ಲ ಶುಭ ದಿನ ಹುಡುಕಿದರೆ ಇವನು ಅಶುಭ ದಿನ ಹುಡುಕುವವನು! ಆಷಾಢ ಬಂದರೆ ಅವನಿಗೆ ಹಬ್ಬ, ಪಿತೃಪಕ್ಷವೆಂದರೆ ಪರಮಾನಂದ. ಮೊದಲ ಸಲ ಆ ಫ್ಯಾನು ಹಾಕಿದಾಗ ಚಪ್ಪರದ ಮಡಲೆಲ್ಲ ಹಾರಿ ಆಚೆಮನೆಯ ಅಂಗಳಕ್ಕೆ ಹೋದ ಕತೆ ಬೇರೆಯೇ ಇದೆ.

ಓಡುವಾಗ ಕಾರು ಗುಂಡಿನಿಂದ ಜಿಗಿಯಬಾರದೆಂದು ದೋಣಿಯ ದಪ್ಪ ಹಗ್ಗಗಳಿಂದ ನಾಲ್ಕೂ ಕಡೆ ಬಿಗಿದು ಕಟ್ಟುತ್ತಿದ್ದ. ಆಚೆಮನೆಯ ಅಜ್ಜಿ ಮಡಲು ತಿರುಗಿಸಿ ಕೊಡಲು ಬಂದವಳು ಹೋರಿ ಕಂಡವಳಂತೆ ಬೇಲಿಯಾಚೆಯೇ ನಿಂತು, "ಕಟ್ಟಿಹಾಕಿದ್ದು ಯಾಕಾ? ಹಾಯ್ತದನಾ?" ಎಂದು ಕೇಳಿದಳು.

ಶಕ್ತಿ ಅಳೆದು ಹದಮಾಡಿಕೊಡಲು ಕಾರವಾರದಿಂದ ಉಲ್ಲಾಸ ಬರುತ್ತಿದ್ದ. ನಡುವಯಸ್ಸಿನ, ಬೊಜ್ಜು ಹೊಟ್ಟೆಯ ಆಸಾಮಿ, ಗಾಡಿಗಳ ಇಂಜಿನ್ ಟ್ಯೂನ್ ಮಾಡುವುದೇ ಅವನ ಉದ್ಯೋಗ. ಕಾರಿಗೆ ವಯರು ಚುಚ್ಚಿ, ಲ್ಯಾಪ್‌ಟಾಪನ್ನು ಆ ಹೊಟ್ಟೆಯ ಮೇಲೆಯೇ ಇಟ್ಟುಕೊಂಡು ಕೂರುತ್ತಿದ್ದ. ಪ್ರತಿ ಓಟದ ಕೊನೆಗೆ ತೆರೆಯ ಮೇಲೆ ಒಂದು ಗೆರೆ ಮೂಡುತ್ತಿತ್ತು, ಎಷ್ಟು ವೇಗದಲ್ಲಿ ಎಷ್ಟು ಕುದುರೆಗಳ ಶಕ್ತಿ ಎಂದು ತೋರಿಸುವ ಗೆರೆ. ಮೊದಲ ಸಲ ಅದು ಕೊನೆಯಲ್ಲಿ ಗುಡ್ಡದ ಹಾಗೆ ಸಟಕ್ಕನೆ ಎದ್ದು ನಿಂತಾಗ ಉಲ್ಲಾಸ ಕುಣಿಯುವುದೊಂದು ಬಾಕಿ.

"ಕಾಕಾ, ಇದು ಹುಲಿ! ಸೂಪರ್‌ಚಾರ್ಜರಿಗೆ ಸಣ್ಣ ಪುಲ್ಲಿ ಹಾಕುವಾ. ಅದು ಮತ್ತೂ ಜೋರು ತಿರುಗ್ತದೆ, ಕುದುರೆ ಮತ್ತೂ ಏರ್ತದೆ."

ಮಾಮ ಕನ್ನಡಕ ಏರಿಸಿ ಗೆರೆಯನ್ನು ಬಹಳ ಹೊತ್ತು ನೋಡಿದ. "ಈ ಗುಡ್ಡ ತೆಗಿ" ಎಂದ.

"ಎಂತ?"

"ಮೇಲಿನ ಕುದುರೆ ನಂಗೆ ಬೇಡ. ಕೆಳಗಿನವು ಸಾಕು. ಗೆರೆ ನಮ್ಮ ಕಡಲದಂಡೆ ಹಂಗೆ ಇರ್ಬೇಕು, ಎಲ್ಲೂ ತಗ್ಗು ದಿಣ್ಣೆ ಕಾಣೂಕಾಗ್ದು."

"ಅರೇ ದೇವಾ!" ಎಂದು ಉಲ್ಲಾಸ ನನ್ನ ಕಡೆ ತಿರುಗಿದ. "ಜನ ನನ್ನತ್ರ ಕುದುರೆ ಹೆಚ್ಚು ಮಾಡೂಕೆ ಬರ್ತಾರೆ. ಇವ್ರು ಕುದುರೆ ಹೊಡೆದು ಓಡ್ಸೂಕೆ ಕರ್ದಿದ್ದಾರೆ! ಹುಲಿಗೆ ಗಂಜಿ ಊಟ ಹಾಕಿದ ಪಾಪ ನಂಗೆ ಬೇಡ ಕಾಕಾ."

ಆದರೂ ಅವನು ಬರುತ್ತಲೇ ಇದ್ದ, ಮಾಮಿಯ ಕೈಯ ಮೀನುಸಾರಿನ ಆಸೆಗೆ. ಪ್ರತಿಸಲವೂ ಇಬ್ಬರಿಗೂ ಅದೇ ಜಗಳ. ಆಕ್ಸಿಲರೇಟರ್ ಒತ್ತಿದ್ದೇ ಕಾರು ಮುಂದೆ ಹಾರಬೇಕೆಂದು ಉಲ್ಲಾಸ, ಒತ್ತಿದ್ದೇ ಗೊತ್ತಾಗಬಾರದು ಎಂದು ಮಾಮ. ಪೆಟ್ರೋಲು ಗಾಳಿಗಳ ಪ್ರಮಾಣವನ್ನು ಉಲ್ಲಾಸ ಕೂದಲೆಳೆಯಷ್ಟು ತಿದ್ದಿದರೂ ಮಾಮ ಪಕ್ಕದ ಸೀಟಿನ ತಂಬಿಗೆಯ ನೀರನ್ನು ನೋಡಿ, "ಇನ್ನೂ ನಡುಗ್ತದೆ" ಎನ್ನುತ್ತಿದ್ದ. ಮೀಟರಿಗಿಂತ ತಂಬಿಗೆಯನ್ನು ನಂಬುವ ಗಿರಾಕಿ ಉಲ್ಲಾಸನಿಗೆ ಹಿಂದೆಯೂ ಸಿಕ್ಕಿರಲಿಲ್ಲ, ಮುಂದೆಯೂ ಸಿಗಲಾರ.

ಒಂದು ಸಂಜೆ ನಾನು ಅಂಕೋಲೆಯ ಹೈಸ್ಕೂಲಿನಲ್ಲಿ ಗಣಿತದ ಪಾಠ ಮುಗಿಸಿ ಮಾಮಿಗೆ ಫೋನು ಮಾಡಿದರೆ ಎತ್ತಲಿಲ್ಲ. ಸ್ಕೂಟರು ಹತ್ತಿ ಹಟ್ಟಿಕೇರಿಗೇ ಹೋದೆ. ಪಿತೃಪಕ್ಷ. ಅಂದರೆ ಫ್ಯಾನು ಬಂದಿರುವ ಕಾಲ. ಮನೆಯಲ್ಲಿ ಯಾರೂ ಇಲ್ಲ, ತೋಟದಿಂದ ಇಂಜಿನ್ನಿನ ಮೆಲ್ಲನೆಯ ಸದ್ದು. ಹೋಗಿ ನೋಡಿ ನಿಂತಲ್ಲೇ ನಿಂತೆ. ಕಟ್ಟಿಹಾಕಿದ ಊದುಗೊಳವೆಯ ಪಕ್ಕದ ಸೀಟಿನಲ್ಲಿ ತಂಬಿಗೆಯಿರಲಿಲ್ಲ. ಮಾಮಿ ಇದ್ದಳು! ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಒಂದು ಲಿಂಬೆಹಣ್ಣು ಹಿಡಿದು ಕುಳಿತಿದ್ದಳು. ಫ್ಯಾನಿನ ಗಾಳಿಗೆ ತುರುಬು ಬಿಚ್ಚಿ ಕೂದಲು ಹಾರುತ್ತಿತ್ತು.

"ಅವರ್ಸಾ ಬಂತು," ಎಂದು ಮಾಮ ಸ್ಟೇರಿಂಗ್ ಹಿಡಿದುಕೊಂಡು ಹೇಳುತ್ತಿದ್ದ. "ಮೀನುಪೇಟೆ. ವಾಸನೆ ಬಂದ್ರೂ ಬರ್ಬಹುದು, ಹೆದ್ರಬೇಡ."

"ಬಂತು," ಎಂದಳು ಮಾಮಿ.

"ದಾಟ್ತು. ಇದು ಹಾರವಾಡ. ಅಕೋ, ಎಡಕ್ಕೆ ಕಡಲು ಕಾಣ್ತದೆ... ಅಮದಳ್ಳಿ."

"ನಿಲ್ಸಿ. ಗಣಪತಿಗೆ ಕೈ ಮುಗೀದೇ ಮುಂದೆ ಹೋಗೂದಾ?"

ಮಾಮ ಬ್ರೇಕು ಹಾಕಿದ. ಗುಂಡು ನಿಧಾನವಾಗಿ ನಿಂತಿತು. ಮಾಮಿ ತೆಂಗಿನಕಾಯಿ ರಾಶಿಯ ಕಡೆ ತಿರುಗಿ ಭಕ್ತಿಯಿಂದ ಕೈಮುಗಿದಳು. "ಹ್ಞಾ, ಹೊರಡಿ."

ಅರ್ಗಾ ದಾಟಿತು. "ಬಿಣಗಾ" ಎಂದು ಮಾಮ ಮೆಲ್ಲಗೆ ಹೇಳಿದ್ದೇ ಮಾಮಿಯ ಮುಖ ಬಿಳಿಚಿತು. "ನಿಲ್ಸಿ, ನಿಲ್ಸಿ!" ಎಂದವಳೇ ಬಾಗಿಲು ತೆಗೆದು ತೆಂಗಿನಮರದ ಬುಡಕ್ಕೆ ಓಡಿದಳು. ಕಟ್ಟಿಹಾಕಿದ ಕಾರಿನಲ್ಲಿ ಕುಳಿತು, ಒಂದು ಗೇಣೂ ಹೋಗದೆ, ಬಿಣಗಾ ಘಟ್ಟದ ತಿರುವಿಗೆ ವಾಂತಿ ಮಾಡಿಕೊಂಡ ಹೆಂಗಸನ್ನು ನಾನು ಅದೇ ಮೊದಲು ನೋಡಿದ್ದು!

ಮಾಮಿ ಬಾವಿಕಟ್ಟೆಗೆ ಹೋಗಿ ಬಾಯಿ ಮುಕ್ಕಳಿಸುವಾಗ ಮನೆಯ ಹುಡುಗಿಯರನ್ನೆಲ್ಲ ತಂಗಿ ಎಂದೇ ಕರೆಯುವ ಮಾಮ ನನ್ನ ಬಳಿಗೆ ಬಂದ. ಮಗುವಿನ ಮಾರ್ಕ್ಸ್ ಹೇಳುವ ಅಪ್ಪನ ಹಾಗೆ ಮುಖ ಅರಳಿತ್ತು. "ಕಟ್ಟಿದ ಗಾಡಿ ಎಲ್ಲೂ ಹೋಗೂದಿಲ್ಲ ಅಂದ್ಮೇಲೆ ಹತ್ತಿದ್ಲು, ತಂಗೀ. ಮೊದ್ಲು ಸೀಟಲ್ಲಿ ಕೂತ್ರೇ ಆಗ್ತಿರ್ಲಿಲ್ಲ. ಆಮೇಲೆ ಇಂಜಿನ್ ಚಾಲೂ ಮಾಡಿ ಕೂರ್ಸ್ದೆ. ಆಮೇಲೆ ಅವರ್ಸಾ. ಈಗ ಬಿಣಗಾ ತನಕ ಬತ್ತಾಳೆ."

"ಮಾಮ, ಇದಕ್ಕೆ ಈ ಕಾರೇ ಬೇಕಿತ್ತಾ?"

"ಮುಚ್ಚಿದ ಗಾಡಿ ವಾಸನೆ ಅವಳಿಗೆ ಆಗೂದಿಲ್ಲ. ಇದಕ್ಕೆ ಮೇಲೆ ಮಾಡೇ ಇಲ್ಲ. ಮತ್ತೆ ಗೇರು ಬದಲಿಸುವಾಗ ಗಾಡಿ ಜಗ್ತದಲ್ಲ, ಅದೂ ಆಗೂದಿಲ್ಲ. ಈ ಊದುಗೊಳವೆ ಇದ್ರೆ ನಿಧಾನ ಹೋಗುವಾಗ್ಲೂ ಇಂಜಿನ್ನಿಗೆ ತ್ರಾಣ ಇರ್ತದೆ, ಒಂದೇ ಗೇರಲ್ಲಿ ಏರು ಹತ್ತಬಹುದು. ಹದ ಒಂದು ಬರ್ಬೇಕು, ಅಷ್ಟೇ." ಮಾಮ ಸಡಿಲಾಗಿದ್ದ ಹಗ್ಗವೊಂದನ್ನು ಎಳೆದು ಬಿಗಿದ. "ಅವಳಕ್ಕಗೆ ವಯಸ್ಸಾಯ್ತು. ಸುಮ್ನೆ ಕೂತ್ರೆ ಹೆಂಗೆ?"

ಉಲ್ಲಾಸನ ಕುದುರೆಗಳನ್ನು ಓಡಿಸಿದ್ದು ಯಾಕೆಂದು, ನಲವತ್ತರ ವೇಗ ಯಾಕೆಂದು, ಇಷ್ಟು ದಿನ ಆ ಸೀಟಿನಲ್ಲಿ ತಂಬಿಗೆ ಯಾರ ಬದಲಿಗೆ ಕುಳಿತಿತ್ತೆಂದು ನನಗೆ ಆಗ ಹೊಳೆಯಿತು. ಮಾಮಿ ಮುಖ ಒರೆಸಿಕೊಳ್ಳುತ್ತ ಬಂದಳು.

"ಆ ಘಟ್ಟದ ತಿರುವು ನೆನಪಾದ್ರೆ ಸಾಕು, ಹೊಟ್ಟೆ ತೊಳಸ್ತದೆ."

"ಮಾಮಿ, ಈಗ ಆ ತಿರುವೆಲ್ಲ ಹತ್ತೂದೇ ಬೇಡ. ಗುಡ್ಡ ಕೊರ್ದು ಸುರಂಗ ಮಾಡಿದ್ದಾರೆ. ಈ ಬದಿ ಹೊಕ್ಕರೆ ಆ ಬದಿ ಕಾರವಾರ."

"ಗುಡ್ಡದೊಳಗೆ ಹೋಗೂಕೆ ನಾ ಎಂತ ಹೆಗ್ಗಣನೇ?"

ಹಾಗಾಗಿ ಸುರಂಗದ ಅಭ್ಯಾಸವನ್ನೂ ಮಾಡಬೇಕಾಯಿತು. ಮರುದಿನ ಮಾಮ "ಬಿಣಗಾ" ಎನ್ನುವ ಮೊದಲೇ ನಾನೊಂದು ತುದಿ, ಉಲ್ಲಾಸ ಒಂದು ತುದಿ ಹಿಡಿದು ಕಾರಿನ ಮೇಲೆ ಕರಿಕಂಬಳಿ ಚಾಚಿ ನಿಂತೆವು. "ನಾನು ಟ್ಯೂನಿಂಗ್ ಮಾಡೂಕೆ ಬಂದವ," ಎಂದು ಉಲ್ಲಾಸ ಕಂಬಳಿಯ ಆಚೆಯಿಂದ ಗೊಣಗಿದ. ಗೊಣಗಿದರೂ ಕಂಬಳಿ ಬಿಡಲಿಲ್ಲ. ಒಳಗಿಂದ ಮಾಮಿಯ ಜಪ ಕೇಳುತ್ತಿತ್ತು. "ಮುಗೀತು, ಕಾರವಾರ!" ಎಂದು ಮಾಮ ಕೂಗಿದ್ದೇ ಕಂಬಳಿ ಎಳೆದೆವು. ಮಾಮಿ ಒಂದೊಂದೇ ಕಣ್ಣು ತೆರೆದಳು. ಎದುರಿಗಿದ್ದ ತೆಂಗಿನಕಾಯಿ ರಾಶಿಯನ್ನು ಸಮುದ್ರ ನೋಡಿದಂತೆ ನೋಡಿದಳು. ಹೊಟ್ಟೆಯ ಮೇಲೆ ಕೈಯಿಟ್ಟು ಸ್ವಲ್ಪ ಕಾದಳು. ಏನೂ ಆಗಲಿಲ್ಲ.

ಪಿತೃಪಕ್ಷದಲ್ಲಿ ಹೊರಡುವುದು ಬೇಡ, ದಸರೆಯ ದಿನ ಹೋಗುವುದೆಂದು ತೀರ್ಮಾನವಾಯಿತು. ಮುನ್ನಾದಿನ ಆಯುಧಪೂಜೆ. ಕಾರಿಗೂ ಗುಂಡಿಗೂ ಗೊಂಡೆಹೂವಿನ ಮಾಲೆ ಬಿತ್ತು. ಪದ್ಧತಿಯಂತೆ ಚಕ್ರಗಳ ಅಡಿಗೆ ಲಿಂಬೆಹಣ್ಣು ಇಟ್ಟು, ಕಾರನ್ನು ಒಂದಿಷ್ಟು ಮುಂದೆ ತಂದು ಜಜ್ಜಬೇಕು. ಕಾರು ಗುಂಡಿನ ಮೇಲಿದೆ ಎಂಬುದನ್ನು ಅಷ್ಟು ಜನರಲ್ಲಿ ಒಬ್ಬರಾದರೂ ನೆನಪಿಡಬೇಡವೇ? ಮಾಮ ಗೇರು ಹಾಕಿದ. ಕಾರು ಮುಂದೆ ಬರಲಿಲ್ಲ, ಗುಂಡು ತಿರುಗಿತು. ಹಿಂದಿನ ಚಕ್ರದ ಲಿಂಬೆಹಣ್ಣು ಗುಂಡೇಟಿನ ಹಾಗೆ ಹಾರಿ, ಹಿಂದೆ ನಿಂತು ಕೈಮುಗಿಯುತ್ತಿದ್ದ ಉಲ್ಲಾಸನ ಹಣೆಗೆ ಬಡಿಯಿತು! "ಕುದುರೆ ಕಡಿಮೆ ಮಾಡಿದ್ದು ಚಲೋ ಆಯ್ತು ಕಾಕಾ," ಎಂದ ಅವನು, ಹಣೆ ತಿಕ್ಕಿಕೊಳ್ಳುತ್ತ. ಮುಂದಿನ ಚಕ್ರದಡಿ ಜಜ್ಜದೆ ಉಳಿದ ಒಂದು ಲಿಂಬೆಹಣ್ಣನ್ನು ಮಾಮಿ ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡಳು.

ದಸರೆಯ ಬೆಳಿಗ್ಗೆ ಹಗ್ಗ ಬಿಚ್ಚಿ, ಊದುಗೊಳವೆಯನ್ನು ಗುಂಡಿನಿಂದ ಇಳಿಸಿದೆವು. ಎರಡೇ ಸೀಟಾದ್ದರಿಂದ ನಾನು ಮುರುಗಲು ಶರಬತ್ತಿನ ಬಾಟಲಿ ಕಟ್ಟಿಕೊಂಡು ಸ್ಕೂಟರಿನಲ್ಲಿ ಹಿಂದೆ ಹೊರಟೆ. ಮಾಮ ನಲವತ್ತಕ್ಕೂ ಏರಿಸಲಿಲ್ಲ. ಹಿಂದಿನಿಂದ ಲಾರಿಗಳು ಹಾರ್ನು ಹೊಡೆದವು, ಬಸ್ಸಿನ ಕಿಟಕಿಯಿಂದ ತಲೆಗಳು ಹೊರಬಂದವು. ಎದುರಿಗೇ ಕಾಣುತ್ತಿದ್ದ ಊರುಗಳನ್ನು ಮಾಮ ಅಭ್ಯಾಸಬಲದಿಂದ ಗಟ್ಟಿಯಾಗಿ ಹೇಳುತ್ತಲೇ ಇದ್ದ. "ಅವರ್ಸಾ ಬಂತು. ಹಾರವಾಡ." ಅಮದಳ್ಳಿಯಲ್ಲಿ ಕಾರು ನಿಂತಿತು, ಮಾಮಿ ಈ ಸಲ ನಿಜವಾದ ಗಣಪತಿಯ ಕಡೆಗೆ ಕೈಮುಗಿದಳು. ಬಿಣಗಾ ಹತ್ತಿರವಾದಂತೆ ನಾನು ಸ್ಕೂಟರನ್ನು ಕಾರಿನ ಬೆನ್ನಿಗೇ ತಂದೆ. ಹಿಂದಿನಿಂದ ಅವಳ ತುರುಬು ಮಾತ್ರ ಕಾಣುತ್ತಿತ್ತು. ಸುರಂಗದ ಬಾಯಿ ಬಂತು, ಕಾರು ಒಳಗೆ ಹೋಯಿತು. ಕತ್ತಲಲ್ಲಿ ಮಾಮಿ ಒಮ್ಮೆಲೇ ಹಿಂದೆ ತಿರುಗಿ ನನಗೆ ಕೂಗಿದಳು, "ತಂಗೀ, ಕಂಬಳಿ ಗಟ್ಟಿ ಹಿಡ್ಕಂಡಿದ್ಯೇನೇ?"

ಅವಳು ನಗುತ್ತಿದ್ದಳು! ಇಡೀ ಸುರಂಗ ಅವಳ ಜೊತೆ ನಕ್ಕಿತು.

ಕೋಡಿಬಾಗದಲ್ಲಿ ಅಕ್ಕ ವಾಕರ್ ಹಿಡಿದು ಗೇಟಿನವರೆಗೆ ಬಂದು ನಿಂತಿದ್ದಳು. ಕಾರು ನಿಂತಿತು. ಮಾಮಿ ತಾನಾಗಿಯೇ ಇಳಿದು ಹೋಗಿ ಎದುರಿಗೆ ನಿಂತಳು. ಅಕ್ಕ ಕೈ ಚಾಚಿ ಇವಳ ಕಿವಿ ಮುಟ್ಟಿ, "ಬೆಂಡೋಲೆ ಬದಲ್ಸಿದ್ಯೇನೇ?" ಎಂದಳು.

"ಅಕ್ಕಾ," ಎಂದಳು ಮಾಮಿ, "ಇಷ್ಟೇ ಹತ್ರ ಅದ್ಯೇ?"

ಆಮೇಲೆ ಅಳುವ ಪೈಕಿಯಲ್ಲದ ಮಾಮಿ ಅಕ್ಕನ ಹೆಗಲಿಗೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ನನಗೂ ತಡೆಯಲಾಗಲಿಲ್ಲ, ಶರಬತ್ತಿನ ಬಾಟಲಿ ಬಿಚ್ಚುವ ನೆಪದಲ್ಲಿ ಬಗ್ಗಿದೆ. ಇಬ್ಬರನ್ನೂ ಒಳಗೆ ಕೂರಿಸಿದ ಮೇಲೆ ನೋಡಿದರೆ ಮಾಮ ಬಂದೇ ಇರಲಿಲ್ಲ. ಹುಡುಕಿಕೊಂಡು ಹೊರಗೆ ಹೋದೆ. ಊದುಗೊಳವೆಯ ಹಿಂದೆ, ಗಟಾರದ ಬದಿಗೆ, ಮಾಮ ಕುಕ್ಕರಗಾಲಿನಲ್ಲಿ ಕುಳಿತು ಬೆಳಗಿನ ಚಾ ತಿಂಡಿಯನ್ನೆಲ್ಲ ವಾಂತಿ ಮಾಡಿಕೊಳ್ಳುತ್ತಿದ್ದ. ಜನ್ಮದಲ್ಲಿ ಎಂದೂ ಗಾಡಿಯಲ್ಲಿ ತಲೆ ತಿರುಗದ ಮನುಷ್ಯ! ಹಟ್ಟಿಕೇರಿಯಿಂದ ಕೋಡಿಬಾಗದವರೆಗೆ ಹೆದರಿಕೆಯನ್ನೆಲ್ಲ ಹೊಟ್ಟೆಯಲ್ಲಿ ಕಟ್ಟಿಕೊಂಡು ಊರಿನ ಹೆಸರು ಹೇಳುತ್ತ ಬಂದಿದ್ದನಲ್ಲ, ಈಗ ಹಗ್ಗ ಬಿಚ್ಚಿತ್ತು.

"ಅವಳಿಗೆ ಹೇಳ್ಬೇಡ, ತಂಗೀ," ಎಂದ, ಬನಿಯನ್ನಿನ ತುದಿಯಿಂದ ಬಾಯಿ ಒರೆಸಿಕೊಳ್ಳುತ್ತ.

ಹೇಳುವ ಅಗತ್ಯವಿರಲಿಲ್ಲ. ಮಾಮಿ ಆಗಲೇ ನನ್ನ ಹಿಂದೆ ಬಂದು ನಿಂತಿದ್ದಳು. ಬಗ್ಗಿ, ಅವನ ಬೆನ್ನನ್ನು ಮೇಲಿನಿಂದ ಕೆಳಗೆ ಮೆಲ್ಲಗೆ ನೀವಿದಳು. ಆಮೇಲೆ ದಾರಿಯುದ್ದಕ್ಕೂ ಅಂಗೈಯಲ್ಲಿ ಹಿಡಿದು ಬೆಚ್ಚಗಾಗಿದ್ದ ಲಿಂಬೆಹಣ್ಣನ್ನು ಅವನ ಮೂಗಿನ ಹತ್ತಿರ ಹಿಡಿದಳು.

"ಮೂಸಿ," ಎಂದಳು. "ಬಿಣಗಾ ದಾಟ್ತು."